ನೀರುಗಂಟಿ ಸೇತುವೆ ದಾಟಿದ್ದು

ಮೂವತ್ತಾರು ವರ್ಷ ಆ ಊರಿಗೆ ನೀರು ಬಿಟ್ಟವನು ಅವನು. ಟ್ಯಾಂಕಿನ ಕೆಳಗಿನ ದೊಡ್ಡ ವಾಲ್ವಿನಿಂದ ಹಿಡಿದು ಸಂದಿಗೊಂದಿಗಳ ಪುಟ್ಟ ವಾಲ್ವುಗಳವರೆಗೆ ಒಟ್ಟು ನಲವತ್ತೊಂದು. ಯಾವುದು ಎಷ್ಟು ಸುತ್ತಿಗೆ ತೆರೆಯುತ್ತದೆ, ಯಾವುದು ಕೊನೆಯ ಸುತ್ತಿನಲ್ಲಿ ಮೊಂಡು ಹಿಡಿಯುತ್ತದೆ, ಯಾವ ಬೀದಿಯ ತುದಿಮನೆಗೆ ನೀರು ಏರಲು ಎಷ್ಟು ನಿಮಿಷ ಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಬೆಳಗಿನ ಐದಕ್ಕೆ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟನೆಂದರೆ ಬೀದಿಗೆ ಅರ್ಧ ಗಂಟೆಯಂತೆ ಸರದಿ. ಐದು ನಿಮಿಷ ತಡವಾದರೆ ಹೆಂಗಸರು ಖಾಲಿ ಕೊಡ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಐದು ನಿಮಿಷ ಮೊದಲೇ ನಿಂತುಹೋದರೆ ಗಂಡಸರು ತೋಳು ಮಡಚಿಕೊಂಡು ಬರುತ್ತಿದ್ದರು. ಹೆಸರು ಅಂತ ಒಂದು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಊರಿಗೆಲ್ಲ ಅವನು ನೀರುಗಂಟಿ.

ಅವನ ತಂಗಿ ದೂರದೇಶದ ಆಸ್ಪತ್ರೆಯೊಂದರಲ್ಲಿ ನರ್ಸು. ಹೋಗಿ ಹದಿನೇಳು ವರ್ಷವಾಗಿತ್ತು. ಅಣ್ಣ ಅತ್ತಿಗೆ ಒಮ್ಮೆ ಬಂದು ತನ್ನ ಮನೆ ನೋಡಬೇಕು ಅಂತ ಅವಳಿಗೆ ಮೊದಲಿನಿಂದಲೂ ಆಸೆ. ಒಂಬತ್ತೂವರೆ ವರ್ಷದ ಹಿಂದೆಯೇ ಹೊರಡುವ ತಯಾರಿ ನಡೆದಿತ್ತು. ಹೆಂಡತಿಯ ಪಾಸ್‌ಪೋರ್ಟು ಸಲೀಸಾಗಿ ಬಂತು. ಅವನದು ಮಾತ್ರ ಸಿಕ್ಕಿಬಿತ್ತು. ಶಾಲೆಯ ದಾಖಲೆಯಲ್ಲಿ ಒಂದು ಹುಟ್ಟಿದ ದಿನ, ಕೆಲಸದ ದಾಖಲೆಯಲ್ಲಿ ಇನ್ನೊಂದು. ಎರಡರಲ್ಲಿ ಯಾವತ್ತು ಹುಟ್ಟಿದ್ದು ಎಂದು ಹೇಳಲು ಬದುಕಿದ್ದವರು ಯಾರೂ ಇರಲಿಲ್ಲ. ಅದು ಬಗೆಹರಿಯುವಷ್ಟರಲ್ಲಿ ರಜೆ ಮುಗಿದುಹೋಯಿತು, ಪ್ರಯಾಣ ಅಲ್ಲಿಗೇ ನಿಂತಿತು. ಕೊನೆಗೆ ನಿವೃತ್ತಿಯಾದ ಮೇಲೆ ಹೊಸ ಪಾಸ್‌ಪೋರ್ಟು ಮಾಡಿಸಿಕೊಂಡ. ತಂಗಿ ಟಿಕೆಟು ಕಳಿಸಿದಳು. ಗಂಡ ಹೆಂಡತಿ ಎರಡು ತಿಂಗಳಿಗೆಂದು ವಿಮಾನ ಹತ್ತಿದರು.

ತಂಗಿಯ ಮನೆ ನಾಲ್ಕನೆಯ ಮಹಡಿಯಲ್ಲಿ ಎರಡು ಕೋಣೆ. ಅವಳು ಡ್ಯೂಟಿಗೆ ಹೋದರೆ ಇವರಿಬ್ಬರೂ ಕಿಟಕಿಯಲ್ಲಿ ನಿಂತು ಟ್ರಾಮುಗಳನ್ನು ನೋಡುತ್ತಿದ್ದರು. ಮೂರನೆಯ ವಾರ ತಂಗಿಗೆ ಎರಡು ದಿನ ಬಿಡುವು ಸಿಕ್ಕಿತು. ನಾಲ್ಕು ಗಂಟೆ ಬಸ್ಸಿನಲ್ಲಿ ಹೋದರೆ ದೊಡ್ಡ ನದಿ, ಅದರ ಮೇಲೆ ಜಲಪಾತ. ಹೋಗಿ ನೋಡಿಕೊಂಡು ಬರೋಣ ಎಂದಳು.

ಆ ನದಿಯೇ ಎರಡು ದೇಶಗಳ ಗಡಿ. ಇವರು ನಿಂತದ್ದು ನೀರು ಧುಮುಕುವ ಅಂಚಿನ ಮೇಲೆಯೇ. ಕಂಬಿಯ ಆಚೆ, ಕೈಯಳತೆಯ ದೂರದಲ್ಲಿ, ಹಸಿರು ಗಾಜಿನಂತಿದ್ದ ನೀರು ಬಾಗಿ ಕಾಣೆಯಾಗುತ್ತಿತ್ತು. ಅಷ್ಟೇ. ಕೆಳಗಿನಿಂದ ಬೆಳ್ಳನೆಯ ಹೊಗೆ ಏಳುತ್ತಿತ್ತು, ಕಾಲಡಿಯ ಬಂಡೆ ಅದುರುತ್ತಿತ್ತು, ಗುಡುಗಿನಂಥ ಸದ್ದು ಬರುತ್ತಿತ್ತು. ಬೀಳುವುದು ಮಾತ್ರ ಕಾಣುತ್ತಿರಲಿಲ್ಲ. ನೀರುಗಂಟಿ ಕಂಬಿಗೆ ಹೊಟ್ಟೆ ಆನಿಸಿ ಬಗ್ಗಿ ನೋಡಿದ. ಎಡಕ್ಕೆ ಹೋಗಿ ನೋಡಿದ, ಬಲಕ್ಕೆ ಹೋಗಿ ನೋಡಿದ. ಹೆಂಡತಿ ಅಂಗಿಯ ಚುಂಗು ಹಿಡಿದು ಎಳೆದಳು. ಆಚೆ ದಡದಲ್ಲಿ, ಕಮರಿಯ ಆ ಬದಿಯ ಕಟ್ಟೆಯ ಮೇಲೆ, ಸಾಲಾಗಿ ನಿಂತಿದ್ದ ಜನ ಇವರ ಕಡೆಗೇ ಮುಖ ಮಾಡಿ ಅಲುಗಾಡದೆ ನೋಡುತ್ತಿದ್ದರು.

ಅವರೆಲ್ಲ ಏನು ನೋಡುತ್ತಿದ್ದಾರೆ ಎಂದು ಕೇಳಿದ. ಪೂರ್ತಿ ಜಲಪಾತ ಕಾಣುವುದು ಆ ಕಡೆಯಿಂದ, ಅದು ಬೇರೆ ದೇಶ, ಹೋಗಲು ಬೇರೆ ವೀಸಾ ಬೇಕು ಎಂದು ತಂಗಿ ಹೇಳಿದಳು. ಅವನು ಬಸ್ಸಿನಲ್ಲಿ ನಾಲ್ಕು ಗಂಟೆ ಕೂತು ಬಂದು, ತಂಗಿ ಮನೆಯ ಬಾಗಿಲು ತೆಗೆಯುವಾಗ ಕೇಳಿದ.

"ಆ ವೀಸಾ ಇಲ್ಲಿಂದಲೇ ಕೇಳಬಹುದಾ?"

ತಂಗಿ ನಕ್ಕಳು. ಅಣ್ಣ ನಗಲಿಲ್ಲ. ಹೆಂಡತಿ ಅವನ ಮುಖವನ್ನೊಮ್ಮೆ ನೋಡಿ, ಇನ್ನು ಇವರು ಬಿಡುವ ಆಸಾಮಿಯಲ್ಲ ಎಂದುಕೊಂಡು ಚಪ್ಪಲಿ ಬಿಚ್ಚಿದಳು.

ಆ ದೇಶದ ವೀಸಾ ಕಚೇರಿ ತಂಗಿಯ ಊರಿನಲ್ಲೇ ಇತ್ತು, ಆಸ್ಪತ್ರೆಯಿಂದ ಮೂರು ನಿಲ್ದಾಣ ಆಚೆ. ಹೊರಗೆ ಬಾವುಟ, ಒಳಗೆ ಟೋಕನ್ ಯಂತ್ರ, ಬೂದುಬಣ್ಣದ ಕುರ್ಚಿಗಳ ನಾಲ್ಕು ಸಾಲು. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ಎಲ್ಲ ದೇಶದ ಜನ ಕೂತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಇಷ್ಟೊಂದು ಜನ ಇಷ್ಟು ಮೆತ್ತಗೆ ಕೂತಿರುವುದನ್ನು ನೀರುಗಂಟಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಸರದಿ ಎಂದರೆ ಜಗಳ ಎಂದೇ ಅವನು ತಿಳಿದದ್ದು.

ಕೌಂಟರಿನಲ್ಲಿದ್ದ ಹೆಂಗಸು ಎರಡೂ ಪಾಸ್‌ಪೋರ್ಟುಗಳನ್ನು ತಿರುವಿ ಹಾಕಿದಳು. ಆಕೆ ಹೇಳುತ್ತ ಹೋದದ್ದನ್ನು ತಂಗಿ ಕನ್ನಡಕ್ಕೆ ತಿರುಗಿಸುತ್ತ ಹೋದಳು. ಸಾಮಾನ್ಯವಾಗಿ ಅವರವರ ದೇಶದಿಂದಲೇ ಅರ್ಜಿ ಹಾಕಬೇಕು. ಪ್ರವಾಸಕ್ಕೆ ಬಂದವರ ಅರ್ಜಿಯನ್ನೂ ಒಮ್ಮೊಮ್ಮೆ ತೆಗೆದುಕೊಳ್ಳುತ್ತಾರೆ, ಆದರೆ ಈ ದೇಶದ ವೀಸಾ ಇನ್ನೂ ಚಾಲ್ತಿಯಲ್ಲಿರಬೇಕು. ಬಿಳಿ ಹಿನ್ನೆಲೆಯ ಫೋಟೊ, ಬ್ಯಾಂಕಿನ ಕಾಗದ, ವಿಮೆ, ಉಳಿದುಕೊಳ್ಳುವ ಜಾಗದ ಬುಕಿಂಗ್ ಬೇಕು. ಹೆಂಡತಿಯ ಪಾಸ್‌ಪೋರ್ಟಿಗೆ ಇನ್ನು ಐದೇ ತಿಂಗಳ ಆಯಸ್ಸು, ಅವರ ನಿಯಮದ ಪ್ರಕಾರ ಆರು ಬೇಕು. ಹಾಗಾಗಿ ಅವಳ ಅರ್ಜಿ ಬೇಡ ಎಂದು ಅದನ್ನು ಗಾಜಿನ ಕೆಳಗಿನಿಂದ ವಾಪಸು ಸರಿಸಿದಳು. ಅಂದು ಬೇಗ ಬಂದ ಪಾಸ್‌ಪೋರ್ಟು ಇಂದು ಮುದಿಯಾಗಿತ್ತು, ತಡವಾಗಿ ಬಂದದ್ದು ಹರೆಯದಲ್ಲಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಆಕೆ ಅವನ ವೀಸಾದ ಪುಟದ ಮೇಲೆ ಬೆರಳಿಟ್ಟು ಏನೋ ಹೇಳಿದಾಗ ತಂಗಿಯ ಮುಖ ಸಪ್ಪಗಾಯಿತು.

"ಅಣ್ಣ, ನಿನ್ನ ವೀಸಾ ಒಂದೇ ಸಲ ಒಳಗೆ ಬರೋದಕ್ಕೆ. ಸೇತುವೆ ದಾಟಿ ಆ ಕಡೆ ಹೋದರೆ ಮತ್ತೆ ಈ ಕಡೆ ಬಿಡಲ್ಲ. ಆ ದೇಶದಿಂದಲೇ ನೀನು ಊರಿಗೆ ಹೋಗಬೇಕಾಗುತ್ತೆ. ಒಬ್ಬನೇ. ಆ ಟಿಕೆಟ್ಟೂ ಮೊದಲೇ ತೋರಿಸಬೇಕಂತೆ."

ಬೂದು ಕುರ್ಚಿಗೆ ವಾಪಸು ಬಂದು ಮೂವರೂ ಕೂತರು. ತಂಗಿಯ ಕೆಲಸದ ಪರವಾನಗಿಯ ನವೀಕರಣ ನಡೆಯುತ್ತಿದ್ದುದರಿಂದ ಅವಳೂ ದೇಶ ಬಿಡುವ ಹಾಗಿರಲಿಲ್ಲ. ನೀರುಗಂಟಿ ಬದುಕಿನಲ್ಲಿ ಒಂಟಿಯಾಗಿ ಹೋದ ಅತಿ ದೂರವೆಂದರೆ ಪಂಪ್‌ಹೌಸು, ಸೈಕಲ್ಲಿನಲ್ಲಿ ಹನ್ನೊಂದು ಕಿಲೋಮೀಟರು. ಇಲ್ಲಿಗೆ ಬರುವಾಗ ವಿಮಾನ ಬದಲಾಯಿಸುವ ಜಾಗದಲ್ಲಿ ಹೆಂಡತಿಯ ಕೈ ಬಿಟ್ಟಿರಲಿಲ್ಲ. ಹೆಂಡತಿಯಾದರೂ ಅಷ್ಟೇ. ಅವನು ಹೋದರೆ ಅವಳೂ ಒಬ್ಬಳೇ ಹಿಂತಿರುಗಬೇಕು. ಬೇಡ ಬಿಡು, ಅರ್ಧ ನೋಡಿದ್ದಾಯಿತಲ್ಲ ಎಂದ.

ಹೆಂಡತಿ ತನ್ನ ಪಾಸ್‌ಪೋರ್ಟನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

"ಮೂವತ್ತಾರು ವರ್ಷ ಊರೋರಿಗೆಲ್ಲ ನೀರು ಬಿಟ್ಟಿದ್ದೀರಿ. ನಿಮಗೆ ಅಂತ ಒಂದು ಲೋಟ ಎತ್ತಿಟ್ಟವರಲ್ಲ. ಹೋಗಿ ನೋಡ್ಕೊಂಡು ಬನ್ನಿ. ನಾನೇನು ವಿಮಾನ ಓಡಿಸಬೇಕಾ? ಕೂತ್ಕೊಂಡು ಬರೋದು ತಾನೆ."

ಮಾತು ಗಟ್ಟಿಯಾಗಿಯೇ ಇತ್ತು. ಜಿಪ್ಪನ್ನು ಮಾತ್ರ ಅವಳು ಎರಡು ಸಲ ತೆಗೆದು ಎರಡು ಸಲ ಹಾಕಿದಳು.

ಮನೆಗೆ ಬಂದು ತಂಗಿ ಅರ್ಜಿ ತುಂಬಿಸಿದಳು. ಏಳು ಪುಟ. ಅಪ್ಪ ಹುಟ್ಟಿದ ಊರು, ಅಮ್ಮ ಹುಟ್ಟಿದ ಊರು, ಸೈನ್ಯದಲ್ಲಿ ಇದ್ದೆಯಾ, ಯಾವುದಾದರೂ ದೇಶದಿಂದ ಓಡಿಸಿದ್ದಾರಾ ಎಂದೆಲ್ಲ ಪ್ರಶ್ನೆಗಳು. ಯಾರೂ ಓಡಿಸಿಲ್ಲ, ನೀರು ಬಾರದಿದ್ದಾಗ ಮೇಲಿನ ಬೀದಿಯವರು ಒಂದೆರಡು ಸಲ ಅಟ್ಟಿಸಿಕೊಂಡು ಬಂದಿದ್ದರು ಎಂದು ಹೆಂಡತಿ ಒಳಗಿನಿಂದ ಹೇಳಿದಳು. ಭೇಟಿಯ ಉದ್ದೇಶ ಎಂಬಲ್ಲಿ 'ಪ್ರವಾಸ' ಎಂಬ ಚೌಕಕ್ಕೆ ಗುರುತು ಹಾಕಿ ಕೆಳಗಿನ ಗೆರೆಯಲ್ಲಿ ವಿವರ ಬರೆಯಬೇಕಿತ್ತು. ಏನು ಬರೆಯಲಿ ಎಂದಳು ತಂಗಿ. ನೀರು ಬೀಳುವುದನ್ನು ನೋಡಲು ಅಂತ ಬರಿ ಎಂದ ಅವನು. ಅವಳು ಹಾಗೆಯೇ ಬರೆದಳು.

ಸಂದರ್ಶನದ ದಿನ ತಂಗಿಯನ್ನು ಜೊತೆಗೆ ನಿಲ್ಲಲು ಬಿಟ್ಟರು. ಗಾಜಿನ ಆ ಕಡೆ ಇದ್ದ ಅಧಿಕಾರಿಣಿಗೆ ಐವತ್ತರ ಹತ್ತಿರದ ವಯಸ್ಸು, ಕತ್ತರಿಸಿದ ಬಿಳಿಗೂದಲು, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಕಾಗದಗಳನ್ನು ಒಂದೊಂದಾಗಿ ಮಗುಚುತ್ತ, ಮುಖದ ಮೇಲೆ ಯಾವ ಭಾವವನ್ನೂ ತೋರದೆ ಕೇಳಿದಳು. ವೃತ್ತಿಯ ಕಡೆ ಬಂದಾಗ ನಿಂತಳು. ತಂಗಿ ಅಲ್ಲಿ 'ನೀರು ಸರಬರಾಜು ನೌಕರ, ನಿವೃತ್ತ' ಎಂದು ಬರೆದಿದ್ದಳು. ಹಾಗೆಂದರೆ ನಿಖರವಾಗಿ ಏನು ಮಾಡುತ್ತಿದ್ದರು ಎಂದು ಆಕೆಗೆ ತಿಳಿಯಬೇಕಿತ್ತು.

ತಂಗಿ ಬಾಯಿ ತೆರೆಯುವ ಮೊದಲೇ ನೀರುಗಂಟಿಗೆ ಪ್ರಶ್ನೆ ಅರ್ಥವಾಯಿತು. ಎರಡೂ ಕೈಯಲ್ಲಿ ಇಲ್ಲದ ಕೀಲಿಯನ್ನು ಹಿಡಿದು, ಕಾಲು ಅಗಲಿಸಿ, ಸೊಂಟ ಬಗ್ಗಿಸಿ, ಅಲ್ಲೇ ಕೌಂಟರಿನ ಮುಂದೆ ತಿರುಗಿಸಿ ತೋರಿಸಿದ. ಒಂದು, ಎರಡು, ಮೂರು. ದೊಡ್ಡ ವಾಲ್ವಿಗೆ ಹತ್ತೊಂಬತ್ತು ಸುತ್ತು. ಕಾವಲುಗಾರ ಎರಡು ಹೆಜ್ಜೆ ಮುಂದೆ ಬಂದವನು ಅಧಿಕಾರಿಣಿಯ ಕೈಸನ್ನೆ ನೋಡಿ ನಿಂತ. ನೀರುಗಂಟಿ ಹತ್ತೊಂಬತ್ತೂ ಸುತ್ತು ಮುಗಿಸಿಯೇ ನೆಟ್ಟಗಾದ.

ಜಲಪಾತ ಈ ದೇಶದ ಕಡೆಯಿಂದಲೂ ಕಾಣುತ್ತದಲ್ಲ, ಮತ್ತೇಕೆ ಇಷ್ಟೆಲ್ಲ ಎಂದಳು ಆಕೆ.

"ಈ ಕಡೆಯಿಂದ ನೀರು ಹೋಗೋದು ಕಾಣುತ್ತೆ ಮೇಡಂ, ಬೀಳೋದು ಕಾಣಲ್ಲ," ಎಂದ ಅವನು. "ನಾನು ಬಿಟ್ಟ ನೀರೂ ಹಂಗೇನೆ. ಪೈಪಿನೊಳಗೆ ಸದ್ದು ಕೇಳಿಸ್ತಿತ್ತು, ಅಷ್ಟೇ. ಅಷ್ಟೊಂದು ನೀರು ಒಂದೇ ಕಡೆ, ಕಣ್ಣೆದುರಿಗೆ, ನಾನು ಒಂದು ಸಲಾನೂ ನೋಡಿಲ್ಲ."

ತಂಗಿ ಅದನ್ನು ಅನುವಾದ ಮಾಡಿದಳು. ಅಧಿಕಾರಿಣಿಯ ಮುಖ ಮಾತ್ರ ಮೊದಲು ಹೇಗಿತ್ತೋ ಹಾಗೇ ಇತ್ತು. ಪಾಸ್‌ಪೋರ್ಟು ತೆಗೆದಿಟ್ಟುಕೊಂಡು, ಹದಿನೈದು ದಿನ ಆಗಬಹುದು, ಹೆಚ್ಚೂ ಆಗಬಹುದು, ಸಿಗದೆಯೂ ಹೋಗಬಹುದು ಎಂದು ರಸೀದಿ ಕೊಟ್ಟಳು.

ಆ ದಿನಗಳು ಕಷ್ಟದವು. ಪರದೇಶದ ಬೀದಿಯಲ್ಲಿ ಪಾಸ್‌ಪೋರ್ಟಿಲ್ಲದೆ ನಡೆಯುವಾಗ ಅವನಿಗೆ ಅಂಗಿ ಬಿಚ್ಚಿ ನಡೆದಂತಾಗುತ್ತಿತ್ತು. ರಸೀದಿಯನ್ನು ಜೇಬಿನಲ್ಲಿ ಮುಟ್ಟಿ ಮುಟ್ಟಿ ಅದರ ಮಡಿಕೆ ಹರಿಯಿತು. ಇಪ್ಪತ್ತಾರನೆಯ ತಾರೀಖಿಗೆ ಈ ದೇಶದಲ್ಲಿ ಅವನ ಅವಧಿ ಮುಗಿಯುತ್ತಿತ್ತು. ಹದಿನೈದು ದಿನ ಕಳೆಯಿತು, ಹದಿನೆಂಟಾಯಿತು. ವೀಸಾ ಬಾರದಿದ್ದರೆ ಹೊಸ ಟಿಕೆಟು ದಂಡ. ತಂಗಿ ದಿನಾ ಕಂಪ್ಯೂಟರಿನಲ್ಲಿ ನೋಡುತ್ತಿದ್ದಳು; 'ಪರಿಶೀಲನೆಯಲ್ಲಿದೆ' ಎಂಬುದನ್ನು ಬಿಟ್ಟು ಅದರಲ್ಲಿ ಬೇರೆ ಮಾತಿರಲಿಲ್ಲ. ಹೆಂಡತಿ ಮಾತ್ರ ಅವನ ಬಟ್ಟೆಗಳನ್ನು ಬೇರೆ ಪೆಟ್ಟಿಗೆಗೆ ಜೋಡಿಸಿಟ್ಟಳು. ಬರದಿದ್ದರೆ ಎಂದು ಅವನು ಕೇಳಿದ್ದಕ್ಕೆ, ವಾಪಸು ತೆಗೆಯಲು ಎಷ್ಟು ಹೊತ್ತು ಎಂದಳು.

ಇಪ್ಪತ್ಮೂರಕ್ಕೆ ಕರೆ ಬಂತು. ಲಕೋಟೆ ಒಡೆದರೆ ಪಾಸ್‌ಪೋರ್ಟಿನ ಒಂದು ಇಡೀ ಪುಟಕ್ಕೆ ಹೊಸ ಚೀಟಿ ಅಂಟಿತ್ತು. ವಾಲಿಸಿ ಹಿಡಿದರೆ ಮಿರುಗುವ ಕಾಗದ, ಸಣ್ಣ ಸಣ್ಣ ಹಸಿರು ಗೆರೆಗಳು, ಅವುಗಳ ಹಿಂದೆ ಅವನದೇ ಮುಖ. ಏಳು ದಿನ, ಒಂದು ಪ್ರವೇಶ. ಒಂದು ಇಡೀ ದೇಶ ಅವನ ಹೆಸರು ಬರೆದು, ಇವನನ್ನು ಒಳಗೆ ಬಿಡಿ ಎಂದು ಹೇಳಿತ್ತು. ಊರಿನಲ್ಲಿ ಹಾಜರಿ ಕೂಗುವಾಗಲೂ ಯಾರೂ ಕರೆಯದಿದ್ದ ಹೆಸರು ಅಲ್ಲಿ ಅಚ್ಚಾಗಿತ್ತು. ಅವನು ಹಿಗ್ಗಿ ಹೀರೇಕಾಯಿಯಾದ. ಟ್ರಾಮಿನಲ್ಲಿ ಕೂತು ಹೆಂಡತಿ ಆ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ಚೆನ್ನಾಗೇ ಇದೆ ಎಂದಳು.

ಇಪ್ಪತ್ನಾಲ್ಕರ ಬೆಳಿಗ್ಗೆ ಸೇತುವೆಯ ಈ ತುದಿಯ ಠಾಣೆಯವರೆಗೆ ಮೂವರೂ ಬಂದರು. ಮಧ್ಯಾಹ್ನ ಮೂರಕ್ಕೆ ತಾವಿಬ್ಬರೂ ಅಂಚಿನ ಕಂಬಿಯ ಹತ್ತಿರ ಹಳದಿ ಛತ್ರಿ ಬಿಚ್ಚಿಕೊಂಡು ನಿಲ್ಲುವುದಾಗಿ ತಂಗಿ ಹೇಳಿದಳು. ಹೆಂಡತಿ ಊಟದ ಡಬ್ಬಿ ಕೊಟ್ಟು, ತೀರಾ ತುದಿಗೆ ಹೋಗಬಾರದು, ನೆನೆದರೆ ತಲೆ ಒರೆಸಿಕೊಳ್ಳಬೇಕು, ಯಾರಾದರೂ ಏನಾದರೂ ಕೇಳಿದರೆ ಪಾಸ್‌ಪೋರ್ಟು ತೋರಿಸಿ ನಗಬೇಕು ಎಂದೆಲ್ಲ ಹೇಳಿದಳು. ಹೊರಡುವ ಹೊತ್ತಿಗೆ ಅವನಿಗೆ ಕಾಲು ಬರಲಿಲ್ಲ. ಅವಳೇ ಪೆಟ್ಟಿಗೆಯ ಹಿಡಿಯನ್ನು ಎಳೆದು ಉದ್ದ ಮಾಡಿ ಅವನ ಕೈಗಿತ್ತು, ಹೋಗಿ ಎಂದಳು.

ಸೇತುವೆ ನಡೆದರೆ ಹತ್ತು ನಿಮಿಷದ ದಾರಿ. ನಡುವೆ ನೆಲದಲ್ಲಿ ಒಂದು ಬಿಳಿ ಗೆರೆ ಇತ್ತು. ಅದರ ಈಚೆಗೆ ಒಂದು ಕಾಲು, ಆಚೆಗೆ ಒಂದು ಕಾಲು ಇಟ್ಟು ಅವನು ಸ್ವಲ್ಪ ಹೊತ್ತು ನಿಂತ. ಎರಡು ದೇಶದ ಸಿಮೆಂಟೂ ಒಂದೇ ಥರ ಇತ್ತು. ಆ ತುದಿಯ ಠಾಣೆಯಲ್ಲಿದ್ದವನು ಚೀಟಿಯ ಪುಟವನ್ನು ದೀಪಕ್ಕೆ ಹಿಡಿದು ನೋಡಿ, ಇವನನ್ನು ನೋಡಿ, ಮುದ್ರೆ ಒತ್ತಿದ. ಇವನು ನಕ್ಕ. ಅವನೂ ನಕ್ಕ.

ಪೆಟ್ಟಿಗೆಯನ್ನು ಮೊದಲೇ ಗೊತ್ತುಮಾಡಿದ್ದ ವಸತಿಯಲ್ಲಿಟ್ಟು, ಬಾಣದ ಗುರುತು ಹಿಡಿದು ಮರಗಳ ನಡುವಿನ ಕಾಲುದಾರಿಯಲ್ಲಿ ನಡೆದ. ನಡೆಯುತ್ತ ನಡೆಯುತ್ತ ಸದ್ದು ಕಿವಿಯಿಂದ ಎದೆಗೆ ಇಳಿಯಿತು. ಹಲ್ಲು ಸಣ್ಣಗೆ ಅದುರತೊಡಗಿತು. ಎಲೆಗಳೆಲ್ಲ ತೊಟ್ಟಿಕ್ಕುತ್ತಿದ್ದವು, ಆಕಾಶ ನೋಡಿದರೆ ಒಂದು ಮೋಡವಿಲ್ಲ. ಎದುರಿಗೆ ಬರುತ್ತಿದ್ದವರೆಲ್ಲ ಸ್ನಾನ ಮಾಡಿ ಬಂದವರಂತಿದ್ದರು. ಕೊನೆಯ ತಿರುವು ಮುಗಿಯಿತು, ಮರಗಳು ಮುಗಿದವು.

ಅವನು ಮೊದಲು ಮಾಡಿದ್ದು ಒಂದು ಹೆಜ್ಜೆ ಹಿಂದೆ ಸರಿದದ್ದು.

ಕಣ್ಣಿನ ಎಡತುದಿಯಿಂದ ಬಲತುದಿಯವರೆಗೆ ನೀರು ನಿಂತಿತ್ತು. ಬೀಳುತ್ತಿದೆ ಎಂದು ಮೊದಲ ನೋಟಕ್ಕೆ ಗೊತ್ತಾಗಲೇ ಇಲ್ಲ. ಅಷ್ಟು ದೊಡ್ಡದು ಅಲುಗಾಡೀತು ಎಂದು ಮನಸ್ಸು ಒಪ್ಪಲಿಲ್ಲ. ಆಮೇಲೆ ಅಂಚಿನ ಒಂದು ಹಸಿರು ಮಡಿಕೆಯ ಮೇಲೆ ಕಣ್ಣು ಕೀಲಿಸಿದ. ಅದು ಬಾಗಿತು, ಬಿಳಿಯಾಯಿತು, ನೂರು ಎಳೆಯಾಗಿ ಬಿಚ್ಚಿಕೊಂಡು ಇಳಿಯಿತು, ಇನ್ನೂ ಇಳಿಯಿತು. ಇಷ್ಟು ಹೊತ್ತಿಗೆ ತಳ ಮುಟ್ಟಬೇಕಿತ್ತಲ್ಲ ಎನ್ನಿಸುವಾಗಲೂ ಇಳಿಯುತ್ತಲೇ ಇತ್ತು. ಕೊನೆಗೆ ಹೊಗೆಯೊಳಗೆ ಹೋಯಿತು. ಆ ಹೊಗೆ ಮೇಲೆದ್ದು, ಬಿದ್ದ ನೀರೇ ಹನಿಯಾಗಿ ಅವನ ಮುಖಕ್ಕೆ ಬಂತು. ಕಾಲಿಗಿಂತ ಕೆಳಗೆ ಒಂದು ಕಾಮನಬಿಲ್ಲು ಅಡ್ಡಲಾಗಿ ಬಿದ್ದಿತ್ತು, ಅದರ ಮೇಲೆ ಹಕ್ಕಿಗಳು ಹಾರುತ್ತಿದ್ದವು. ಹಕ್ಕಿಯ ಬೆನ್ನನ್ನು ಮೇಲಿನಿಂದ ಅವನು ನೋಡಿದ್ದು ಅದೇ ಮೊದಲು.

ಸೆಕೆಂಡಿಗೆ ಹತ್ತು ಲಕ್ಷ ಲೀಟರು ಎಂದು ಅಂಕಿಯಲ್ಲಿ ಬರೆದ ಫಲಕವೊಂದು ಪಕ್ಕದಲ್ಲಿತ್ತು. ಅವನ ಟ್ಯಾಂಕು ಐದು ಲಕ್ಷದ್ದು. ಅದು ತುಂಬಲು ಪಂಪು ಒಂಬತ್ತು ಗಂಟೆ ಓಡಬೇಕು, ನಡುವೆ ಕರೆಂಟು ಹೋಗಬಾರದು. ಒಂದು ರೆಪ್ಪೆ ಬಡಿದ. ಎರಡು ಟ್ಯಾಂಕು ಹೋಯಿತು. ಇನ್ನೊಂದು ಸಲ ಬಡಿದ. ಇನ್ನೆರಡು. ಮೇಲಿನ ಬೀದಿ, ಕೆಳಗಿನ ಬೀದಿ, ಶಾಲೆ, ಆಸ್ಪತ್ರೆ, ಕೊನೆಯ ಮನೆಯ ಮುದುಕಿಯ ಎರಡು ಬಿಂದಿಗೆ ಎಂದು ಲೆಕ್ಕ ಹಾಕಲು ಹೋಗಿ ನಡುವೆ ಕೈಬಿಟ್ಟ. ಯಾರೂ ಕೀಲಿ ತಿರುಗಿಸಿರಲಿಲ್ಲ. ಯಾರ ಸರದಿಯೂ ಅಲ್ಲ. ಅವನು ಹುಟ್ಟುವ ಮೊದಲೂ ಹೀಗೇ ಬೀಳುತ್ತಿತ್ತು, ಅವನು ಒಂದೊಂದು ಸುತ್ತು ಎಣಿಸುತ್ತ ಹೋದ ಆ ಎಲ್ಲ ಬೆಳಗುಗಳಲ್ಲೂ ಹೀಗೇ ಬೀಳುತ್ತಿತ್ತು. ಅವನಿಗೆ ಅಳು ಬಂತು. ಮುಖವೆಲ್ಲ ಮೊದಲೇ ಒದ್ದೆಯಾಗಿದ್ದರಿಂದ ಅದು ಯಾರಿಗೂ ತಿಳಿಯುವಂತಿರಲಿಲ್ಲ.

ಮೂರು ಗಂಟೆಗೆ ಎದುರಿನ ಅಂಚಿನ ಮೇಲೆ, ಸಾಸಿವೆ ಕಾಳಿನಷ್ಟು, ಹಳದಿ ಬಣ್ಣ ಕಂಡಿತು. ಅದರ ಕಾಲಬುಡದಿಂದಲೇ ಅಷ್ಟೂ ನೀರು ಧುಮುಕುತ್ತಿತ್ತು. ತಾನು ಅಂದು ನಿಂತು ಬಗ್ಗಿದ್ದು ಅಲ್ಲಿಯೇ ಎಂದು ಹೊಳೆದು ಅವನ ಎದೆ ಝಲ್ಲೆಂದಿತು. ಫೋನು ಅದುರಿತು. ಕಿವಿಗೆ ಹಿಡಿದರೆ ಹೆಂಡತಿಯ ಮಾತು ಒಂದೂ ಕೇಳಿಸಲಿಲ್ಲ, ಬರೀ ಮೊರೆತ. ಅವನು ಕೂಗಿದ್ದು ಅವಳಿಗೂ ಕೇಳಿಸಿರಲಾರದು. ಆದರೂ ಇಬ್ಬರೂ ಫೋನು ಇಡಲಿಲ್ಲ. ಅವಳ ಕಡೆಯ ನೀರನ್ನು ಅವನು, ಅವನ ಕಡೆಯ ನೀರನ್ನು ಅವಳು ಕೇಳುತ್ತ ಬಹಳ ಹೊತ್ತು ನಿಂತರು. ಹಳದಿ ಚುಕ್ಕೆ ಮೇಲೆ ಕೆಳಗೆ ಆಡುತ್ತಿತ್ತು.

ಮಾರನೆಯ ದಿನವೂ ಬೆಳಿಗ್ಗೆಯೇ ಹೋದ. ಕಟ್ಟೆಯನ್ನು ನೋಡಿಕೊಳ್ಳುವ ಕೆಲಸಗಾರನೊಬ್ಬ ಕಂಬಿಗಳನ್ನು ಬಟ್ಟೆಯಿಂದ ಒರೆಸುತ್ತ ಬರುತ್ತಿದ್ದ. ಅವನು ಒರೆಸಿ ಮುಂದೆ ಹೋಗುವಷ್ಟರಲ್ಲಿ ಹಿಂದಿನದು ಮತ್ತೆ ಒದ್ದೆ. ನೀರುಗಂಟಿ ನೋಡುವುದನ್ನು ನೋಡಿ ಆ ಮನುಷ್ಯ ಎರಡೂ ಕೈಯ ಬೆರಳುಗಳನ್ನು ಎರಡು ಸಲ ಬಿಚ್ಚಿ ತೋರಿಸಿದ. ಇಪ್ಪತ್ತು ವರ್ಷ. ನೀರುಗಂಟಿ ಮೂರು ಸಲ ಬಿಚ್ಚಿ, ಮೇಲೆ ಆರು ಬೆರಳು ತೋರಿಸಿದ. ಏನು ಕೆಲಸ ಎಂದು ಆತ ಕೇಳಲಿಲ್ಲ. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತ. ಇಪ್ಪತ್ತು ವರ್ಷ ದಿನಾ ನೋಡಿದವನೂ ಅಂದೇ ಮೊದಲ ಸಲ ಎಂಬಂತೆ ನೋಡುತ್ತಿದ್ದುದು ನೀರುಗಂಟಿಗೆ ಬಹಳ ದೊಡ್ಡದೆನ್ನಿಸಿತು.

ಆ ದಿನ ಸಂಜೆಯೇ ಅವನು ವಿಮಾನ ಹತ್ತಿದ. ಎರಡು ಕಡೆ ದಾರಿ ತಪ್ಪಿದ, ಎರಡೂ ಕಡೆ ಪಾಸ್‌ಪೋರ್ಟು ತೋರಿಸಿ ನಕ್ಕ, ಊರು ಸೇರಿದ. ಮರುದಿನ ಹೆಂಡತಿ ಬಂದಳು. ವಿಮಾನ ಬದಲಾಯಿಸುವ ಕಡೆ ಹಸಿರು ಬೂಟಿನ ಒಬ್ಬ ಅಜ್ಜಿಯ ಬೆನ್ನು ಹಿಡಿದು ಬಂದೆ, ಆ ಅಜ್ಜಿಗೂ ದಾರಿ ಗೊತ್ತಿರಲಿಲ್ಲ, ಆಮೇಲೆ ಅವಳನ್ನೂ ನಾನೇ ಕರೆತಂದೆ ಎಂದು ಪೆಟ್ಟಿಗೆ ಕೆಳಗಿಡುವ ಮೊದಲೇ ಶುರುಮಾಡಿದಳು.

ನೋಡಲು ಬಂದವರಿಗೆಲ್ಲ ನೀರುಗಂಟಿ ಕಥೆ ಹೇಳಿದ. ಏಳು ಪುಟದ ಅರ್ಜಿ, ಗಾಜಿನ ಹಿಂದಿನ ಅಧಿಕಾರಿಣಿ, ಬಿಳಿ ಗೆರೆ ಎಲ್ಲವನ್ನೂ ಸೊಗಸಾಗಿ ಹೇಳುತ್ತಿದ್ದ. ಮರಗಳು ಮುಗಿದವು ಎನ್ನುವಲ್ಲಿಗೆ ಬಂದರೆ ಮಾತು ನಿಂತುಬಿಡುತ್ತಿತ್ತು. ಕೈಗಳನ್ನು ಅಗಲ ಮಾಡುತ್ತಿದ್ದ, ಸಾಲದೆಂದು ಮತ್ತೆ ಕೆಳಗಿಳಿಸುತ್ತಿದ್ದ.

"ಇವರಿಗೆ ಹೇಳೋಕೆ ಬರಲ್ಲ, ನಾನು ಹೇಳ್ತೀನಿ," ಎಂದು ಹೆಂಡತಿ ಮುಂದೆ ಬಂದು ಕೂರುತ್ತಿದ್ದಳು. ಆ ಕಡೆಯಿಂದ ಅವಳು ನೋಡಿಯೇ ಇರಲಿಲ್ಲ. ಆದರೂ ಅವನು ರಾತ್ರಿ ಅವಳೊಬ್ಬಳಿಗೆ ತುಣುಕು ತುಣುಕಾಗಿ ಹೇಳಿದ್ದನ್ನು ಕೂಡಿಸಿ, ಹಸಿರು ಮಡಿಕೆ ಬಾಗುವುದು, ಬಿಳಿಯಾಗುವುದು, ಎಳೆ ಎಳೆಯಾಗಿ ಇಳಿಯುವುದು, ಇಳಿಯುತ್ತಲೇ ಇರುವುದು, ಎಲ್ಲವನ್ನೂ ಅವಳು ಹೇಳುತ್ತಿದ್ದಳು. ನೀರುಗಂಟಿ ಗೋಡೆಗೊರಗಿ, ಬಂದವರ ಜೊತೆಯಲ್ಲೇ ಕೂತು, ಬಾಯಿ ತೆರೆದುಕೊಂಡು ಕೇಳುತ್ತಿದ್ದ.